ಒಂದು ವೃತ್ತಿ, ಮೂರು ಸನ್ನದು

ಭಾರತದಲ್ಲಿ ವಕೀಲಿ ಮಾಡುವವರಿಗೆ ನ್ಯಾಯವ್ಯಾಪ್ತಿ ಎಂಬುದು ದಾವೆಯನ್ನು ಎಲ್ಲಿ ಹೂಡಬೇಕು ಎಂಬ ಲೆಕ್ಕಾಚಾರದಲ್ಲಿ ಎದುರಾಗುವ ಪ್ರಶ್ನೆಯೇ ಹೊರತು ತಮ್ಮ ಸನ್ನದಿನ, ಅಂದರೆ ವಕೀಲಿ ಮಾಡುವ ಪರವಾನಗಿಯ, ಮೇಲೆಯೇ ಬೀಳುವ ಪ್ರಶ್ನೆಯಲ್ಲ. ವಕೀಲರ ಅಧಿನಿಯಮ, 1961ರ 30ನೆಯ ಕಲಂ ಅರ್ಧ ಶತಮಾನ ಕಾದು 2011ರ ಜೂನ್ 15ರಂದು ಜಾರಿಗೆ ಬಂತು; ಅದರ ಪ್ರಕಾರ ಯಾವುದೇ ರಾಜ್ಯದ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರುವವರು ದೇಶದ ಉದ್ದಗಲಕ್ಕೂ ವೃತ್ತಿ ನಡೆಸಬಹುದು. ಕರ್ನಾಟಕದಲ್ಲಿ ನೋಂದಣಿಯಾದವರು ಸುಪ್ರೀಂ ಕೋರ್ಟಿನಲ್ಲಿ ನಿಂತು ವಾದಿಸಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಪ್ರತಿ ರಾಜ್ಯವೂ ತನ್ನ ವಕೀಲರನ್ನು ತಾನೇ ಆರಿಸಿಕೊಳ್ಳುತ್ತದೆ, ನ್ಯೂಯಾರ್ಕಿನ ವಕೀಲರು ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಅಲ್ಲಿಯ ಅನುಮತಿಯಿಲ್ಲದೆ ಅಲ್ಲಿ ವಕೀಲರೆನಿಸಿಕೊಳ್ಳುವಂತಿಲ್ಲ. ಬ್ರಿಟನ್ನಿನಲ್ಲಿಯೂ ಇಂಗ್ಲೆಂಡ್ ಮತ್ತು ವೇಲ್ಸ್ ಒಂದು ವ್ಯಾಪ್ತಿ, ಸ್ಕಾಟ್ಲೆಂಡ್ ಇನ್ನೊಂದು, ಉತ್ತರ ಐರ್ಲೆಂಡ್ ಮತ್ತೊಂದು.

ನಾನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಮೊದಲು ನೋಂದಣಿಯಾದೆ, ಅನಂತರ ನ್ಯೂಯಾರ್ಕಿನಲ್ಲಿ ಅಟಾರ್ನಿ (ಅಲ್ಲಿ ವಕೀಲರನ್ನು ಕರೆಯುವ ಹೆಸರು) ಆದೆ, ಆಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರುಗಳ, ಅಂದರೆ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡುವ ವಕೀಲರ, ಪಟ್ಟಿಗೆ ಸೇರಿದೆ. ಮೂರು ಕಡೆ ಸನ್ನದಿದೆ ಎಂದ ಮೇಲೆ ಮೂರು ಕಡೆಯೂ ಕೇಸು ನಡೆಸುತ್ತಿರಬೇಕು ಎಂದು ಕೇಳುವವರು ತಿಳಿಯುತ್ತಾರೆ. ವಾಸ್ತವದಲ್ಲಿ ನನ್ನ ದಿನದ ಕೆಲಸದ ಒಂದು ದೊಡ್ಡ ಪಾಲು, ಯಾವ ಮಾತನ್ನು ಯಾವ ಸನ್ನದಿನ ಬಲದ ಮೇಲೆ ಹೇಳುತ್ತಿದ್ದೇನೆ, ಎಲ್ಲಿಗೆ ಬಂದಾಗ ಮಾತು ನಿಲ್ಲಿಸಿ ಬೇರೊಬ್ಬರ ಅಭಿಪ್ರಾಯ ಕೇಳಬೇಕು ಎಂದು ನಿರ್ಧರಿಸುವುದರಲ್ಲಿಯೇ ಕಳೆಯುತ್ತದೆ. ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಬಂದದ್ದು ಪದವಿಗಳಿಂದಲ್ಲ, ಪ್ರತಿ ಕಡೆಯ ಪ್ರವೇಶದ ಪ್ರಕ್ರಿಯೆಯನ್ನು ಮೊದಲಿನಿಂದ ಕೊನೆಯವರೆಗೆ ಹಾದುಹೋದದ್ದರಿಂದ. ಆದ್ದರಿಂದ ಆ ಪ್ರಕ್ರಿಯೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಪಿಯುಸಿ ಮುಗಿಸಿದ ಮೇಲೆ ಸೇರಿದ ಐದು ವರ್ಷದ ಸಂಯೋಜಿತ ಕಾನೂನು ಪದವಿ. ಕರಾರು, ಅಪಕೃತ್ಯ (ಟಾರ್ಟ್), ಸ್ವತ್ತು ವರ್ಗಾವಣೆ, ಸಂವಿಧಾನ, ಸಾಕ್ಷ್ಯ, ಸಿವಿಲ್ ಪ್ರಕ್ರಿಯಾ ಸಂಹಿತೆ ಇವೆಲ್ಲವನ್ನೂ ಓದಿದೆವು. ಅಪಕೃತ್ಯದ ತರಗತಿಯಲ್ಲಿ 1932ರ ಡೊನೊಹ್ಯೂ ವಿರುದ್ಧ ಸ್ಟೀವನ್ಸನ್ ಎಂಬ ಬ್ರಿಟನ್ನಿನ ಪ್ರಕರಣವನ್ನು ಯಾವ ಪರದೇಶದ ಭಾವನೆಯೂ ಇಲ್ಲದೆ ನಮ್ಮದೇ ಎಂಬಂತೆ ಕಲಿತೆವು. ನ್ಯಾಯಾಲಯದ ತೀರ್ಪುಗಳಿಂದ ಬೆಳೆದ ಇಂಗ್ಲಿಷ್ ಕಾಮನ್ ಲಾ ಪರಂಪರೆಯಲ್ಲಿ ಓದಿದ್ದೇವೆ ಎಂಬ ಆ ಒಂದು ಸಂಗತಿಯೇ ಮುಂದೆ ನ್ಯೂಯಾರ್ಕಿನ ಬಾಗಿಲು ತೆರೆಯುವ ಮುಖ್ಯ ಆಧಾರವಾಗುತ್ತದೆ ಎಂದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪದವಿಯ ನಂತರದ ಅಖಿಲ ಭಾರತ ವಕೀಲರ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಪ್ಪಣಿಗಳಿಲ್ಲದ ಬೇರ್ ಆಕ್ಟುಗಳನ್ನು, ಅಂದರೆ ಕಾಯ್ದೆಗಳ ಬರಿಯ ಪಠ್ಯವನ್ನು, ಜೊತೆಗಿಟ್ಟುಕೊಂಡು ಬರೆಯಬಹುದಾದ ನೂರು ಪ್ರಶ್ನೆಗಳ ಪರೀಕ್ಷೆ ಅದು. ಅದನ್ನು ವಿಧಿಸಲು ಭಾರತೀಯ ವಕೀಲರ ಪರಿಷತ್ತಿಗೆ ಅಧಿಕಾರವಿದೆಯೇ ಎಂಬ ವಿವಾದವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರವರಿಯಲ್ಲಿ ಪರಿಷತ್ತಿನ ಪರವಾಗಿ ಮುಗಿಸಿದೆ.

ನಿಜವಾದ ಕಲಿಕೆ ನಡೆದದ್ದು ಸಿವಿಲ್ ಪ್ರಕರಣಗಳನ್ನು ನಡೆಸುತ್ತಿದ್ದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ. ಬೆಳಿಗ್ಗೆ ಕಾಸ್ ಲಿಸ್ಟ್ (ಆ ದಿನದ ಪ್ರಕರಣಗಳ ಪಟ್ಟಿ) ನೋಡಿ ಕಡತಗಳನ್ನು ಜೋಡಿಸುವುದು, ವಾಯಿದೆ ಕೇಳುವುದು, ವಾದಪತ್ರ ಮತ್ತು ಮಧ್ಯಂತರ ಅರ್ಜಿಗಳ ಕರಡು ಬರೆಯುವುದು, ಸಂಜೆ ಕಕ್ಷಿದಾರರು ಬಂದಾಗ ಮೂಲೆಯಲ್ಲಿ ಕುಳಿತು ಬರೆದುಕೊಳ್ಳುವುದು. ಪಾಟೀಸವಾಲಿಗೆ ಏಳುವ ಮುನ್ನ ಸಾಕ್ಷಿಯ ಮುಖ್ಯ ವಿಚಾರಣೆಯ ಅಫಿಡವಿಟ್ಟನ್ನು ಎಷ್ಟು ಸಲ ಓದಬೇಕು ಎಂಬುದನ್ನು ಅಲ್ಲಿ ಕಲಿತಷ್ಟು ಚೆನ್ನಾಗಿ ಮುಂದೆ ಎಲ್ಲಿಯೂ ಕಲಿಯಲಿಲ್ಲ. ಆ ಕಚೇರಿಗೆ ವಿದೇಶಿ ಕಂಪನಿಗಳ ಜೊತೆಗಿನ ಪೂರೈಕೆ ಕರಾರುಗಳ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಪ್ರಕರಣಗಳು ಬರತೊಡಗಿದಾಗ ಹೊಸ ತೊಡಕು ಕಂಡಿತು. ಕರಾರಿನ ಕೊನೆಯಲ್ಲಿ ಇಂಗ್ಲೆಂಡಿನ ಕಾನೂನು ಅಥವಾ ನ್ಯೂಯಾರ್ಕಿನ ಕಾನೂನು ಅನ್ವಯವಾಗುತ್ತದೆ ಎಂಬ ಒಂದು ಸಾಲು ಇರುತ್ತಿತ್ತು; ಆ ಸಾಲಿನ ಮುಂದೆ ನಮ್ಮ ಅಷ್ಟೂ ಓದು ನಿಂತುಬಿಡುತ್ತಿತ್ತು, ಅಭಿಪ್ರಾಯವನ್ನು ಹೊರಗಿನಿಂದ ತರಿಸಬೇಕಾಗುತ್ತಿತ್ತು. ಹೊರಗೆ ಹೋಗಿ ಸನ್ನದು ಪಡೆಯುವ ಯೋಚನೆಯನ್ನು ಹೇಳಿದಾಗ ನಮ್ಮ ಸೀನಿಯರು, "ಮೊದಲು ಇಲ್ಲಿ ಒಂದು ದಾವೆಯನ್ನು ಇಶ್ಯೂಸ್‌ನಿಂದ ಡಿಕ್ರಿಯವರೆಗೆ ನೀನೇ ನಡೆಸು, ಆಮೇಲೆ ಎಲ್ಲಿಗಾದರೂ ಹೋಗು" ಎಂದರು; ವಿವಾದಾಂಶಗಳು ನಿಗದಿಯಾಗುವಲ್ಲಿಂದ ಕೊನೆಯ ತೀರ್ಪಿನ ಆದೇಶದವರೆಗೆ ಎಂದು ಅರ್ಥ. ಅವರ ಮಾತು ನಡೆಸಿಕೊಟ್ಟೇ ಹೊರಟೆ. ಅದರ ಪ್ರಯೋಜನ ಮುಂದೆ ಬೇರೆಯೇ ರೀತಿಯಲ್ಲಿ ಸಿಕ್ಕಿತು.

ನ್ಯೂಯಾರ್ಕಿಗೆ ಹೋಗುವವರಲ್ಲಿ ಬಹಳ ಮಂದಿ ಅಮೆರಿಕದಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡದೆ ಅಲ್ಲಿಯ ವಕೀಲರ ಅರ್ಹತಾ ಪರೀಕ್ಷೆಯಾದ ಬಾರ್ ಪರೀಕ್ಷೆಗೆ ಕೂರಲಾಗದು ಎಂದು ನಂಬಿದ್ದಾರೆ. ಅಲ್ಲಿಯ ಮೇಲ್ಮನವಿ ನ್ಯಾಯಾಲಯದ 520.6 ಸಂಖ್ಯೆಯ ನಿಯಮ ಹೇಳುವುದು ಬೇರೆ. ವಿದೇಶದಲ್ಲಿ ಓದಿದವರ ಕಾನೂನು ಶಿಕ್ಷಣವು ಅವಧಿಯಲ್ಲಿಯೂ ಸತ್ವದಲ್ಲಿಯೂ, ಅಂದರೆ ಕಾಮನ್ ಲಾ ಆಧಾರದಲ್ಲಿಯೂ, ಅಮೆರಿಕದ ಶಿಕ್ಷಣಕ್ಕೆ ಸಮನಾಗಿದ್ದರೆ ಅಷ್ಟೇ ಸಾಕು. ಎರಡರಲ್ಲಿ ಒಂದು ಕಡಿಮೆಯಿದ್ದರೆ ಮಾತ್ರ ಕನಿಷ್ಠ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂನಿಂದ ಆ ಕೊರತೆಯನ್ನು ತುಂಬಿಕೊಡಬಹುದು. ಎರಡೂ ಕಡಿಮೆಯಿದ್ದರೆ ಎಲ್‌ಎಲ್‌ಎಂ ಕೂಡ ಉಪಯೋಗಕ್ಕೆ ಬಾರದು. ಯಾರ ಶಿಕ್ಷಣ ಸಮ, ಯಾರದು ಅಲ್ಲ ಎಂದು ತೀರ್ಮಾನಿಸುವುದು ಅಲ್ಲಿಯ ಕಾನೂನು ಪರೀಕ್ಷಕರ ಮಂಡಳಿ, ಅದೂ ಒಬ್ಬೊಬ್ಬರ ಕಾಗದಪತ್ರ ನೋಡಿ. ಸಾಲ ಮಾಡಿ ಎಲ್‌ಎಲ್‌ಎಂಗೆ ಸೇರುವ ಮುನ್ನ ಮಂಡಳಿಯ ಈ ಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಉತ್ತರ ಬರುವವರೆಗೆ ಕಾಯುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಎಲ್‌ಎಲ್‌ಎಂನಿಂದ ಬೇರೆ ಲಾಭಗಳಿವೆ, ಆದರೆ ಅವು ಬೇರೆಯವೇ.

ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯವು ಅಂಕಪಟ್ಟಿಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಾನೇ ನೇರವಾಗಿ ಮಂಡಳಿಗೆ ಕಳುಹಿಸಬೇಕು. ಅಭ್ಯರ್ಥಿಯ ಕೈ ಅದಕ್ಕೆ ತಾಗಬಾರದು. ನಾನು ಓದಿದ ಕಡೆ ಇಂಥದೊಂದು ಪದ್ಧತಿಯೇ ಇರಲಿಲ್ಲ. ಪರೀಕ್ಷಾ ವಿಭಾಗದಲ್ಲಿ, "ಅಂಕಪಟ್ಟಿ ನಿಮಗೆ ಆಗಲೇ ಕೊಟ್ಟಿದ್ದೇವಲ್ಲ, ಇನ್ನು ನಾವೇಕೆ ಕಳುಹಿಸಬೇಕು?" ಎಂಬ ಪ್ರಶ್ನೆಗೆ ಮಂಡಳಿಯ ನಿಯಮವನ್ನು ಮುದ್ರಿಸಿ, ಕನ್ನಡದಲ್ಲಿ ಮನವಿ ಬರೆದು, ಕುಲಸಚಿವರ ಷರಾ ಹಾಕಿಸಿಕೊಂಡು ಬಂದ ಮೇಲೆಯೇ ಕಡತ ಮುಂದೆ ಸಾಗಿತು. ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಮ್ಮ ಕಡೆಯ ಇನಿಷಿಯಲ್ಲುಗಳ ಸಂಗತಿ ಗೊತ್ತೇ ಇದೆ: ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಸನ್ನದಿನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟಿಗೆ ಬರುವ ಹೊತ್ತಿಗೆ ಆ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿ, ಅದರಲ್ಲೊಂದು ಕುಲನಾಮದ ಕಾಲಮ್ಮಿನಲ್ಲಿ ಕುಳಿತಿರುತ್ತದೆ. ಹೊರಗಿನವರ ಕಣ್ಣಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿ, ಪ್ರತಿ ಅಕ್ಷರದ ವಿಸ್ತರಣೆಯನ್ನು ವಿವರಿಸಿ, ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಹಿಡಿದು ಎಲ್ಲದರ ಪ್ರತಿ ಲಗತ್ತಿಸಬೇಕಾಯಿತು. ಆ ಅಫಿಡವಿಟ್ಟಿನ ಒಂದು ಪ್ರತಿ ಈಗಲೂ ನನ್ನ ಬಳಿ ಇದೆ, ಇಂಗ್ಲೆಂಡಿನಲ್ಲಿಯೂ ಅದೇ ಕೆಲಸಕ್ಕೆ ಬಂತು.

ಪರೀಕ್ಷೆಯನ್ನು ನ್ಯೂಯಾರ್ಕ್ ರಾಜ್ಯಕ್ಕೇ ಹೋಗಿ ಬರೆಯಬೇಕು. 2016ರ ಜುಲೈನಿಂದ ಆ ರಾಜ್ಯ ಏಕರೂಪ ಬಾರ್ ಪರೀಕ್ಷೆಯನ್ನು ಅಳವಡಿಸಿಕೊಂಡಿದೆ. ಫೆಬ್ರವರಿ ಮತ್ತು ಜುಲೈ ತಿಂಗಳ ಕೊನೆಯ ಮಂಗಳವಾರ, ಬುಧವಾರ ಅದು ನಡೆಯುತ್ತದೆ. ಒಂದು ದಿನ ತಲಾ ಅರ್ಧ ಗಂಟೆಯ ಆರು ಪ್ರಬಂಧಗಳು ಮತ್ತು ತಲಾ ಒಂದೂವರೆ ಗಂಟೆಯ ಎರಡು ಪ್ರಾಯೋಗಿಕ ಬರಹಗಳು, ಇನ್ನೊಂದು ದಿನ ಆರು ಗಂಟೆಯಲ್ಲಿ 200 ಬಹು ಆಯ್ಕೆಯ ಪ್ರಶ್ನೆಗಳು. ಒಟ್ಟು 400ಕ್ಕೆ 266 ಬಂದರೆ ನ್ಯೂಯಾರ್ಕಿನಲ್ಲಿ ತೇರ್ಗಡೆ. ಪ್ರಾಯೋಗಿಕ ಬರಹದ ಭಾಗ ನಮ್ಮವರಿಗೆ ಸುಲಭವೆಂದೇ ಹೇಳಬೇಕು. ಫ್ರಾಂಕ್ಲಿನ್ ಎಂಬ ಕಾಲ್ಪನಿಕ ರಾಜ್ಯದ ಒಂದು ಕಡತ, ಅದಕ್ಕೆ ಸಂಬಂಧಿಸಿದ ಕೆಲವು ಕಲಂ ಮತ್ತು ತೀರ್ಪುಗಳನ್ನು ಕೊಟ್ಟು, ಇದರಲ್ಲಿಯೇ ಮೆಮೊ ಬರೆ ಎನ್ನುತ್ತಾರೆ. ಹೊರಗಿನ ಕಾನೂನು ಒಂದಕ್ಷರವೂ ಬೇಕಿಲ್ಲ. ಬೆಳಿಗ್ಗೆ ಕೈಗಿತ್ತ ಕಡತಕ್ಕೆ ಹನ್ನೊಂದು ಗಂಟೆಗೆ ವಾದ ಸಿದ್ಧಪಡಿಸಿದ ಜೂನಿಯರಿಗೆ ಇದು ಪರಿಚಿತ ಕೆಲಸ.

ಕಷ್ಟವಿದ್ದದ್ದು ಬಹು ಆಯ್ಕೆಯ ಪ್ರಶ್ನೆಗಳಲ್ಲಿ, ಅದರಲ್ಲಿಯೂ ನಮಗೆ ಚೆನ್ನಾಗಿ ಗೊತ್ತಿರುವ ವಿಷಯಗಳಲ್ಲಿ. ಜ್ಯೂರಿ, ಡಿಪೊಸಿಷನ್ (ವಿಚಾರಣೆಗೆ ಮುಂಚೆ ನ್ಯಾಯಾಲಯದ ಹೊರಗೆ ಪಡೆಯುವ ಪ್ರಮಾಣಿತ ಹೇಳಿಕೆ), ಫೆಡರಲ್ ನ್ಯಾಯಾಲಯದ ಅಧಿಕಾರವ್ಯಾಪ್ತಿ ಇಂಥವು ಹೊಸದಾಗಿರುವುದರಿಂದ ಹೊಸದಾಗಿಯೇ ಕಲಿಯಬಹುದು. ಮನೆ ಮಾರಾಟದ ಪ್ರಶ್ನೆಯನ್ನು ನೋಡಿ. ಮನೆ ಕೊಳ್ಳಲು ಕರಾರಾಗಿದೆ, ಮುಂಗಡ ಕೊಟ್ಟಾಗಿದೆ, ಕ್ರಯಪತ್ರ ಇನ್ನೂ ಆಗಿಲ್ಲ. ಈ ನಡುವೆ ಯಾರ ತಪ್ಪೂ ಇಲ್ಲದೆ ಬೆಂಕಿ ಬಿದ್ದು ಮನೆ ಸುಟ್ಟುಹೋಯಿತು. ನಷ್ಟ ಯಾರದು? ಕರ್ನಾಟಕದ ಸಿವಿಲ್ ವಕೀಲರಿಗೆ ಇದರಲ್ಲಿ ಯೋಚಿಸುವುದೇನೂ ಇಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 54ನೆಯ ಕಲಂ ಪ್ರಕಾರ ಬರಿಯ ಮಾರಾಟದ ಕರಾರು ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ. 55ನೆಯ ಕಲಂ ಪ್ರಕಾರ ಒಡೆತನ ವರ್ಗವಾದ ಮೇಲಿನ ನಷ್ಟವಷ್ಟೇ ಕೊಂಡವರದು. ಆದ್ದರಿಂದ ನಷ್ಟ ಮಾರುವವರದು. ಬಾರ್ ಪರೀಕ್ಷೆಯ ಬಹು ಆಯ್ಕೆಯ ಭಾಗದಲ್ಲಿ ಇದೇ ಉತ್ತರ ಬರೆದರೆ ತಪ್ಪು. ಅಲ್ಲಿ ಪರೀಕ್ಷಿಸುವುದು ಅಮೆರಿಕದ ಬಹುಮತದ ಕಾಮನ್ ಲಾ ನಿಯಮವನ್ನು. ಕರಾರಿಗೆ ಸಹಿ ಬಿದ್ದ ಕ್ಷಣದಿಂದ ಕೊಳ್ಳುವವರು ಈಕ್ವಿಟಿಯ, ಅಂದರೆ ನ್ಯಾಯಸಮ್ಮತಿಯ ತತ್ವಗಳ, ದೃಷ್ಟಿಯಲ್ಲಿ ಒಡೆಯರಾಗುತ್ತಾರೆ, ನಷ್ಟವೂ ಅವರ ತಲೆಗೇ ಬರುತ್ತದೆ. ಅದೇ ಪ್ರಶ್ನೆ ನ್ಯೂಯಾರ್ಕ್ ರಾಜ್ಯದ ಸ್ವಂತ ಕಾನೂನಿನಡಿ ಬಂದರೆ ಉತ್ತರ ಮತ್ತೆ ತಿರುಗುತ್ತದೆ, ಏಕೆಂದರೆ ಅಲ್ಲಿಯ ಜನರಲ್ ಆಬ್ಲಿಗೇಷನ್ಸ್ ಲಾ ಎಂಬ ಕಾಯ್ದೆ ಒಡೆತನವೋ ಸ್ವಾಧೀನವೋ ಕೊಳ್ಳುವವರಿಗೆ ಹೋಗುವವರೆಗೆ ನಷ್ಟವನ್ನು ಮಾರುವವರ ಮೇಲೆಯೇ ಇಟ್ಟಿದೆ. ಮುಂದೆ ಇಂಗ್ಲೆಂಡಿನ ಪರೀಕ್ಷೆಗೆ ಓದುವಾಗ ಇದೇ ಮನೆ ಮತ್ತೊಮ್ಮೆ ಸುಟ್ಟಿತು, ಕರಾರಿನ ಪ್ರತಿಗಳು ವಿನಿಮಯವಾದ ದಿನದಿಂದ ಅಪಾಯ ಕೊಳ್ಳುವವರದು ಎಂಬ ಉತ್ತರದೊಂದಿಗೆ. ಈ ಒಂದು ಮನೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಹಲವು ವ್ಯಾಪ್ತಿಗಳಲ್ಲಿ ವಕೀಲಿ ಮಾಡುವುದರ ಕಷ್ಟ ಏನೆಂಬುದು ಗೊತ್ತಾಗುತ್ತದೆ: ಪ್ರಶ್ನೆ ಎಲ್ಲ ಕಡೆಯೂ ಒಂದೇ, ತರ್ಕವೂ ಒಂದೇ ಮನೆತನದ್ದು, ಉತ್ತರ ಮಾತ್ರ ನಿಂತ ನೆಲದ್ದು. ನಮ್ಮ ಕಾನೂನಿನಲ್ಲಿ ಪಳಗಿದ ಕೈ ಯೋಚನೆಗೆ ಮುಂಚೆಯೇ ಉತ್ತರಕ್ಕೆ ಗುರುತು ಹಾಕಿಬಿಡುತ್ತದೆ. ತಯಾರಿಯ ತಿಂಗಳುಗಳಲ್ಲಿ ನಾನು ಮಾಡಿದ್ದು ಬಹುಮಟ್ಟಿಗೆ ಆ ಕೈಯನ್ನು ಹಿಡಿದು ನಿಲ್ಲಿಸುವ ಅಭ್ಯಾಸವೇ.

ಪರೀಕ್ಷೆ ಪಾಸಾದ ಮೇಲೆ ಸನ್ನದು ತಾನಾಗಿ ಬರುವುದಿಲ್ಲ. ವೃತ್ತಿನೀತಿಯ ಪ್ರತ್ಯೇಕ ಪರೀಕ್ಷೆಯಲ್ಲಿ 85 ಅಂಕ ಬರಬೇಕು. ನ್ಯೂಯಾರ್ಕಿನ ಕಾನೂನಿನ ಬಗ್ಗೆ ಆನ್‌ಲೈನ್ ಪಾಠ ಕೇಳಿ 50 ಪ್ರಶ್ನೆಗಳ ಇನ್ನೊಂದು ಪರೀಕ್ಷೆಯಲ್ಲಿ 30 ಸರಿಯಾಗಬೇಕು. ಶುಲ್ಕವಿಲ್ಲದೆ 50 ಗಂಟೆ ಕಾನೂನು ಸೇವೆ ಮಾಡಿರಬೇಕು. ಆ ಸೇವೆಯನ್ನು ವಿದೇಶದಲ್ಲಿಯೂ ಮಾಡಬಹುದು, ಮೇಲ್ವಿಚಾರಣೆ ಮಾಡಿದ ವಕೀಲರು ದೃಢೀಕರಿಸಬೇಕಷ್ಟೆ. ಬಡ ಕಕ್ಷಿದಾರರ ಪರವಾಗಿ ನಮ್ಮಲ್ಲಿ ನಡೆಸಿದ ಪ್ರಕರಣಗಳು ಇಲ್ಲಿ ಲೆಕ್ಕಕ್ಕೆ ಬಂದವು. ಒಂದು ವರ್ಷ ಪೂರ್ಣಾವಧಿ ವೃತ್ತಿ ನಡೆಸಿದ್ದರೆ ವಕೀಲಿಯ ಕೌಶಲವನ್ನು ತೋರಿಸಬೇಕೆಂಬ ನಿಯಮವೂ ಪೂರೈಸಿದಂತೆ. ಇವೆಲ್ಲವನ್ನೂ ಸೇರಿಸಿ, ಪಾಸಾದ ತಿಳುವಳಿಕೆ ಬಂದ ಮೂರು ವರ್ಷದೊಳಗೆ ಪ್ರವೇಶದ ಅರ್ಜಿ ಸಲ್ಲಿಸಬೇಕು, ಆಮೇಲೆ ನಡತೆ ಮತ್ತು ಅರ್ಹತೆಯ ಸಮಿತಿಯ ಮುಂದೆ ಹೋಗಬೇಕು.

ಆ ಅರ್ಜಿಯಲ್ಲಿ ಕಾನೂನಿಗೆ ಸಂಬಂಧಿಸಿದ ಪ್ರತಿಯೊಂದು ಉದ್ಯೋಗಕ್ಕೂ ಉದ್ಯೋಗದಾತರ ಪ್ರಮಾಣಿತ ಹೇಳಿಕೆ ಬೇಕು. ನಮ್ಮ ಕಚೇರಿಗಳ ಜೂನಿಯರಿಗೆ ನೇಮಕಾತಿ ಪತ್ರ ಎಲ್ಲಿಯದು, ಸಂಬಳದ ಚೀಟಿ ಎಲ್ಲಿಯದು? ತಿಂಗಳ ಕೊನೆಗೆ ಸೀನಿಯರು ಲಕೋಟೆಯಲ್ಲಿ ಕೊಟ್ಟಿದ್ದೇ ಸಂಬಳ, ನಾಳೆಯಿಂದ ಬಾ ಎಂದದ್ದೇ ನೇಮಕಾತಿ. ಸೀನಿಯರು ನಮೂನೆಯನ್ನು ಕನ್ನಡಕ ಏರಿಸಿ ಇಳಿಸಿ ಓದಿ, "ಇದೇನಪ್ಪ, ನನ್ನನ್ನೇ ಪಾಟೀಸವಾಲು ಮಾಡಿದ ಹಾಗಿದೆ" ಎಂದು ನಕ್ಕು, ನಾನು ಯಾವ ಯಾವ ದಾವೆಗಳಲ್ಲಿ ಅವರ ಜೊತೆ ವಕಾಲತ್ತಿಗೆ ಸಹಿ ಹಾಕಿದ್ದೆ, ಯಾವುದರಲ್ಲಿ ಸ್ವತಃ ಸಾಕ್ಷಿಗಳನ್ನು ವಿಚಾರಣೆ ಮಾಡಿದೆ ಎಂದು ದಾವೆ ಸಂಖ್ಯೆ ಸಮೇತ ಬರೆದುಕೊಟ್ಟರು. ಮೊದಲಿನಿಂದ ಡಿಕ್ರಿಯವರೆಗೆ ಒಂದು ದಾವೆ ನಡೆಸಿ ಹೋಗು ಎಂದಿದ್ದರಲ್ಲ, ಆ ದಾವೆಯ ಆದೇಶಪತ್ರಿಕೆಯ ದೃಢೀಕೃತ ನಕಲಿನಲ್ಲಿ ತಾರೀಕು ತಾರೀಕಿಗೂ ನನ್ನ ಹಾಜರಿ ದಾಖಲಾಗಿತ್ತು. ನಾನು ವೃತ್ತಿಯಲ್ಲಿ ಇದ್ದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ದಾಖಲೆ ನನ್ನಲ್ಲಿ ಬೇರೊಂದು ಇರಲಿಲ್ಲ. ಸಂದರ್ಶನ ಮಾಡಿದ ಸಮಿತಿಯ ಸದಸ್ಯರು ಅದರ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡಿದರು. ಒಂದು ಸಿವಿಲ್ ದಾವೆ ಅಷ್ಟು ವರ್ಷ ಏಕೆ ನಡೆಯುತ್ತದೆ ಎಂಬುದು ಅವರ ಕುತೂಹಲ. ಪ್ರಮಾಣವಚನ ಅದಾದ ಮೇಲೆ.

ಇಂಗ್ಲೆಂಡಿನ ದಾರಿ ಬೇರೆಯೇ ಸ್ವಭಾವದ್ದು. ಸಾಲಿಸಿಟರುಗಳ ನಿಯಂತ್ರಣ ಪ್ರಾಧಿಕಾರವು 2021ರ ಸೆಪ್ಟೆಂಬರಿನಲ್ಲಿ ಹಳೆಯ ವ್ಯವಸ್ಥೆಯನ್ನು ಬದಲಿಸಿ ಎಸ್‌ಕ್ಯೂಇ (ಸಾಲಿಸಿಟರುಗಳ ಅರ್ಹತಾ ಪರೀಕ್ಷೆ) ಎಂಬ ಎರಡು ಹಂತದ ಪರೀಕ್ಷೆಯನ್ನು ತಂದಿದೆ. ಅಲ್ಲಿಯೇ ಓದಿದವರು ಎರಡು ವರ್ಷದ ವೃತ್ತಿ ಅನುಭವವನ್ನು ಬೇರೆ ತೋರಿಸಬೇಕು, ಬೇರೆ ದೇಶದಲ್ಲಿ ಆಗಲೇ ವಕೀಲರಾದವರಿಗೆ ಆ ಷರತ್ತು ಇಲ್ಲ. ನ್ಯೂಯಾರ್ಕಿನ ಮಂಡಳಿಯಂತೆ ನೀನು ಏನು ಓದಿದೆ ಎಂದು ಇವರು ವಿಷಯ ವಿಷಯವಾಗಿ ಕೆದಕುವುದಿಲ್ಲ. ನೀನು ಏನು ಮಾಡಬಲ್ಲೆ ಎಂದು ನೋಡುತ್ತಾರೆ. ಮೊದಲ ಹಂತದಲ್ಲಿ ತಲಾ 180 ಪ್ರಶ್ನೆಗಳ ಎರಡು ಪತ್ರಿಕೆಗಳು, ಪ್ರತಿ ಪ್ರಶ್ನೆಗೆ ಐದು ಉತ್ತರಗಳಲ್ಲಿ ಅತ್ಯಂತ ಸೂಕ್ತವಾದದ್ದನ್ನು ಆರಿಸಬೇಕು. ಐದರಲ್ಲಿ ಎರಡು ಮೂರು ಕಾನೂನಿನ ದೃಷ್ಟಿಯಿಂದ ಸರಿಯಾಗಿಯೇ ಇರುತ್ತವೆ, ಆದರೆ ಈ ಕಕ್ಷಿದಾರರಿಗೆ ಇಂದು ಕೊಡಬೇಕಾದ ಸಲಹೆ ಅವುಗಳಲ್ಲಿ ಒಂದು ಮಾತ್ರ. ನನಗೆ ತೀರ ಹೊಸದಾಗಿದ್ದುದು ಸಾಲಿಸಿಟರುಗಳ ಲೆಕ್ಕಪತ್ರ. ನಮ್ಮ ವೃತ್ತಿನೀತಿಯ ಪತ್ರಿಕೆಯ ಶೀರ್ಷಿಕೆಯಲ್ಲಿ ಲೆಕ್ಕಪತ್ರ ಎಂಬ ಮಾತಿತ್ತು, ಡೆಬಿಟ್ ಕ್ರೆಡಿಟ್ ಬರೆದದ್ದಿಲ್ಲ. ಇಲ್ಲಿ ಕಕ್ಷಿದಾರರ ಹಣ ಕಕ್ಷಿದಾರರ ಖಾತೆಯಲ್ಲಿ, ಕಚೇರಿಯ ಹಣ ಕಚೇರಿಯ ಖಾತೆಯಲ್ಲಿ. ಒಂದೇ ಚೆಕ್ಕಿನಲ್ಲಿ ಎರಡೂ ಬೆರೆತು ಬಂದರೆ ತಡಮಾಡದೆ ಬೇರ್ಪಡಿಸಬೇಕು, ಬಿಲ್ಲು ಕೊಡುವ ಮುನ್ನ ಶುಲ್ಕವನ್ನು ತೆಗೆದುಕೊಳ್ಳುವಂತಿಲ್ಲ. ವಕೀಲರ ಶಿಸ್ತಿನ ಪಾಠವನ್ನು ಇಷ್ಟು ನೇರವಾಗಿ ಹಣದ ಮೂಲಕ ಕಲಿಸುವ ಕ್ರಮ ನನಗೆ ಬಹಳ ಹಿಡಿಸಿತು, ನಮ್ಮ ಕಾಲೇಜುಗಳಲ್ಲಿಯೂ ಇದು ಬರಬೇಕು.

ಎರಡನೆಯ ಹಂತದಲ್ಲಿ ಹನ್ನೆರಡು ಲಿಖಿತ, ನಾಲ್ಕು ಮೌಖಿಕ ಕಾರ್ಯಗಳಿರುತ್ತವೆ. ನ್ಯಾಯಾಧೀಶರ ಪಾತ್ರದಲ್ಲಿರುವ ಪರೀಕ್ಷಕರ ಮುಂದೆ ವಾದ ಮಂಡಿಸುವುದು ನಮ್ಮ ಹೈಕೋರ್ಟುಗಳ ಮಧ್ಯಂತರ ಅರ್ಜಿಯ ವಾದಕ್ಕಿಂತ ಸೌಮ್ಯವಾದದ್ದು. ಕಕ್ಷಿದಾರರ ಸಂದರ್ಶನ ಹಾಗಲ್ಲ. ಹತ್ತು ನಿಮಿಷ ಓದಲು ಒಂದೆರಡು ಕಾಗದ, ಇಪ್ಪತ್ತೈದು ನಿಮಿಷ ಮಾತುಕತೆ, ಮತ್ತೆ ಇಪ್ಪತ್ತೈದು ನಿಮಿಷ ಟಿಪ್ಪಣಿ ಬರೆಯಲು. ಕಕ್ಷಿದಾರರಾಗಿ ಎದುರು ಕುಳಿತವರೇ ಸಂದರ್ಶನಕ್ಕೆ ಅಂಕ ಕೊಡುವವರು, ಅವರು ಕಾನೂನನ್ನು ಅಳೆಯುವುದಿಲ್ಲ. ತನ್ನ ಮಾತನ್ನು ಈ ವಕೀಲರು ಕೇಳಿಸಿಕೊಂಡರೇ, ಇವರ ಮೇಲೆ ವಿಶ್ವಾಸ ಹುಟ್ಟಿತೇ ಎಂಬುದಷ್ಟೇ ಅವರ ಪ್ರಶ್ನೆ. ನಮ್ಮ ಕಚೇರಿಗಳಲ್ಲಿ ಬಾಗಿಲ ಹೊರಗೆ ಇನ್ನೂ ಹತ್ತು ಜನ ಕಾಯುತ್ತಿರುವಾಗ, "ಅದೆಲ್ಲ ಇರಲಿ ಯಜಮಾನರೇ, ಕ್ರಯಪತ್ರ ಯಾವ ತಾರೀಕಿನದು ಹೇಳಿ" ಎಂದು ಮಾತು ಕತ್ತರಿಸುವುದೇ ದಕ್ಷತೆ. ಅಭ್ಯಾಸಕ್ಕೆಂದು ಗೆಳೆಯರೊಬ್ಬರನ್ನು ಕಕ್ಷಿದಾರರಾಗಿ ಕೂರಿಸಿಕೊಂಡು ಧ್ವನಿಮುದ್ರಿಸಿ ಕೇಳಿದೆ. ಅವರು ಮಗಳ ಮನೆಯ ವಿಷಯ ಹೇಳಲು ಬಾಯಿ ತೆರೆದಾಗಲೆಲ್ಲ ನನ್ನ ಧ್ವನಿ ನಡುವೆ ಬಂದು ದಾಖಲೆ ಕೇಳುತ್ತಿತ್ತು. ಪರೀಕ್ಷೆಯ ಕಾಗದದಲ್ಲಿ ಅಡಗಿಸಿಟ್ಟಿರುವ ಮುಖ್ಯ ಸಂಗತಿ ಸಾಮಾನ್ಯವಾಗಿ ಕಕ್ಷಿದಾರರು ದಾಖಲೆ ಬಿಟ್ಟು ಬೇರೆ ಏನೋ ಹೇಳಲು ಹೊರಟಾಗಲೇ ಹೊರಬರುತ್ತದೆ. ಮೊದಲ ಐದು ನಿಮಿಷ ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳುವ ರೂಢಿಯನ್ನು ಆಗ ಹಚ್ಚಿಕೊಂಡೆ, ಈಗಲೂ ಬಿಟ್ಟಿಲ್ಲ.

ಇಂಗ್ಲೆಂಡಿನಲ್ಲಿ ಸಂಬಳದ ಕೆಲಸಕ್ಕೆ ಸೇರಿದಾಗ ನನ್ನ ಮೊದಲನೆಯ, ಅಂದರೆ ಕರ್ನಾಟಕದ, ಸನ್ನದಿನ ಪ್ರಶ್ನೆ ಎದ್ದಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿ ಮಾಡುವಂತಿಲ್ಲ. ವೃತ್ತಿಯನ್ನು ಅಮಾನತಿನಲ್ಲಿಡುವುದಾಗಿ ರಾಜ್ಯ ಪರಿಷತ್ತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿ, ನೋಂದಣಿಯ ಮೂಲ ಪ್ರಮಾಣಪತ್ರವನ್ನೇ ಒಪ್ಪಿಸಬೇಕು. ಹೊರದೇಶದ ಪ್ರತಿ ಸಂಸ್ಥೆಯೂ ಮೂಲ ಪ್ರಮಾಣಪತ್ರ ತೋರಿಸು ಎನ್ನುವ ಹೊತ್ತಿನಲ್ಲಿಯೇ ಅದು ಕೈಬಿಟ್ಟುಹೋಗುತ್ತದೆ. ಈ ಇಕ್ಕಟ್ಟು ಹಳೆಯದೇ. 1891ರಲ್ಲಿ ಲಂಡನ್ನಿನ ವಕೀಲರ ಸಂಸ್ಥೆಯಾದ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದ ಗಾಂಧೀಜಿ ತಮ್ಮ ಇಂಗ್ಲೆಂಡಿನ ಪ್ರಮಾಣಪತ್ರವನ್ನು ಬೊಂಬಾಯಿ ಹೈಕೋರ್ಟಿಗೆ ಒಪ್ಪಿಸಿದ್ದರು. 1894ರಲ್ಲಿ ದಕ್ಷಿಣ ಆಫ್ರಿಕದ ನೇಟಾಲ್‌ನಲ್ಲಿ ಪ್ರವೇಶ ಕೋರಿದಾಗ ಅಲ್ಲಿಯ ವಕೀಲರ ಸಂಘ ಎತ್ತಿದ ಆಕ್ಷೇಪಗಳಲ್ಲಿ ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲ ಎಂಬುದೂ ಒಂದು. ಅವರಿಗೆ ಎದುರಾದ ನಿಜವಾದ ವಿರೋಧ ಚರ್ಮದ ಬಣ್ಣದ್ದು, ಅದರ ಮುಂದೆ ನಮ್ಮ ತೊಡಕುಗಳನ್ನು ತೊಡಕು ಎನ್ನುವಂತಿಲ್ಲ. ನಾನು ಅಂಚೆಗೆ ಹಾಕುವ ಮುನ್ನ ದೃಢೀಕೃತ ಪ್ರತಿಗಳನ್ನೂ ಪರಿಷತ್ತಿನಿಂದ ಸನ್ನಡತೆಯ ಪತ್ರವನ್ನೂ ಹೆಚ್ಚಾಗಿಯೇ ಪಡೆದಿಟ್ಟುಕೊಂಡೆ.

ಅಮಾನತಿನ ಪರಿಣಾಮ ದಿನದ ಕೆಲಸದಲ್ಲಿ ಕಾಣುತ್ತದೆ. ಇತ್ತೀಚೆಗೆ ಒಂದು ಯಂತ್ರ ಪೂರೈಕೆಯ ಕರಾರು ನನ್ನ ಮುಂದೆ ಬಂತು. ತಡವಾದ ಪ್ರತಿ ವಾರಕ್ಕೂ ನಿಗದಿತ ಮೊತ್ತ ಕೊಡಬೇಕೆಂಬ ಷರತ್ತು ಅದರಲ್ಲಿತ್ತು, ಯಾವ ದೇಶದ ಕಾನೂನು ಎಂಬುದು ಇನ್ನೂ ಚೌಕಾಸಿಯಲ್ಲಿತ್ತು. ಇಂಗ್ಲೆಂಡಿನಲ್ಲಿ 2015ರ ಮಕ್ದೆಸಿ ತೀರ್ಪಿನ ನಂತರ, ಮೊತ್ತವು ಕರಾರಿನ ನ್ಯಾಯಯುತ ಹಿತಾಸಕ್ತಿಗೆ ತೀರ ಅಳತೆ ಮೀರಿದ್ದಲ್ಲವಾದರೆ ಅದು ನಿಲ್ಲುತ್ತದೆ. ನ್ಯೂಯಾರ್ಕಿನಲ್ಲಿ ನಷ್ಟವನ್ನು ಅಂದಾಜಿಸುವುದು ಕಷ್ಟವಿತ್ತೇ, ಮೊತ್ತ ಸಂಭವನೀಯ ನಷ್ಟಕ್ಕೆ ಹೊಂದುವಂತಿದೆಯೇ ಎಂದು ಕೇಳುತ್ತಾರೆ. ಭಾರತೀಯ ಕರಾರು ಅಧಿನಿಯಮ, 1872ರ 74ನೆಯ ಕಲಂ ದಂಡವೋ ಅಂದಾಜೋ ಎಂಬ ಭೇದವನ್ನೇ ಬದಿಗಿಟ್ಟು, ಬರೆದ ಮೊತ್ತವನ್ನು ಗರಿಷ್ಠ ಮಿತಿ ಮಾಡಿ, ಅದರೊಳಗೆ ಸಮಂಜಸ ಪರಿಹಾರ ಕೊಡಿಸುತ್ತದೆ. ಮೂರೂ ನನಗೆ ಗೊತ್ತಿದೆ. ಆದರೂ ಟಿಪ್ಪಣಿಯಲ್ಲಿ ಮೊದಲೆರಡರ ಬಗ್ಗೆ ಅಭಿಪ್ರಾಯ ಬರೆದು, ಮೂರನೆಯದರ ಜಾಗದಲ್ಲಿ ಭಾರತದ ವಕೀಲರ ಅಭಿಪ್ರಾಯ ಪಡೆಯತಕ್ಕದ್ದು ಎಂದು ಬರೆದೆ. ಭಾರತದ ಕಾನೂನನ್ನು ವೃತ್ತಿಯಾಗಿ ನಡೆಸಲು ಇಂಗ್ಲೆಂಡಿನ ಸನ್ನದಿಗೆ ಅಧಿಕಾರವಿಲ್ಲ. ವಿದೇಶಿ ವಕೀಲರು ಭಾರತದಲ್ಲಿ ವೃತ್ತಿ ನಡೆಸುವಂತಿಲ್ಲ, ಅಪರೂಪಕ್ಕೆ ಬಂದು ತಮ್ಮ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರ ಬಾಲಾಜಿ ಪ್ರಕರಣದಲ್ಲಿ ಹೇಳಿತ್ತು. ಜೊತೆಗಿದ್ದವರು, "ನಿಮಗೆ ಗೊತ್ತಿರುವುದನ್ನು ಕೇಳಲು ಇನ್ನೊಬ್ಬರಿಗೆ ಶುಲ್ಕ ಕೊಡಬೇಕೇ?" ಎಂದು ಕೇಳಿದರು. ಕೊಡಬೇಕು. ಬಂದ ಅಭಿಪ್ರಾಯವನ್ನು ಸರಿಯಾದ ಪ್ರಶ್ನೆಗಳೊಂದಿಗೆ ಓದಿ ಪರಿಶೀಲಿಸಲು ನನ್ನ ತಿಳಿವಳಿಕೆ ಉಪಯೋಗವಾಗುತ್ತದೆ, ಸಹಿ ಹಾಕಲು ಅಲ್ಲ.

ವೃತ್ತಿನೀತಿಯ ಭೇದಗಳು ಇನ್ನೂ ಸೂಕ್ಷ್ಮ. ದಾವೆಯ ಫಲದಲ್ಲಿ ಪಾಲು ಎಂಬ ಶುಲ್ಕ ನ್ಯೂಯಾರ್ಕಿನಲ್ಲಿ ಅನೇಕ ಬಗೆಯ ಪ್ರಕರಣಗಳಲ್ಲಿ ಸಾಮಾನ್ಯ, ಭಾರತದಲ್ಲಿ ಅದು ದುರ್ನಡತೆ. ನ್ಯೂಯಾರ್ಕಿನಲ್ಲಿ ಜಾಹೀರಾತು ಸಹಜ, ಭಾರತದಲ್ಲಿ ಪರಿಷತ್ತಿನ 36ನೆಯ ನಿಯಮ ಅದನ್ನು ತಡೆಯುತ್ತದೆ. ಮೂರು ಪಟ್ಟಿಗಳಲ್ಲಿ ಹೆಸರಿರುವವರು ಮೂರರಲ್ಲಿ ಅತಿ ಬಿಗಿಯಾದ ನಿಯಮದ ಪ್ರಕಾರ ನಡೆದುಕೊಂಡರೆ ನೆಮ್ಮದಿ ಎಂದು ನಾನು ತೀರ್ಮಾನಿಸಿದ್ದೇನೆ. ನಿರ್ವಹಣೆಯ ಲೆಕ್ಕವೂ ಬೇರೆ ಬೇರೆ: ನ್ಯೂಯಾರ್ಕಿನಲ್ಲಿ ಎರಡು ವರ್ಷಕ್ಕೊಮ್ಮೆ ನೋಂದಣಿ, ಮೊದಲ ಎರಡು ವರ್ಷದಲ್ಲಿ 32 ಕ್ರೆಡಿಟ್, ಆಮೇಲೆ ಎರಡು ವರ್ಷಕ್ಕೆ 24 ಕ್ರೆಡಿಟ್ ಮುಂದುವರಿದ ಕಾನೂನು ಶಿಕ್ಷಣ, ಇಂಗ್ಲೆಂಡಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ವೃತ್ತಿ ಪ್ರಮಾಣಪತ್ರದ ನವೀಕರಣ, ಗಂಟೆಗಳ ಲೆಕ್ಕವಿಲ್ಲ, ಸಾಮರ್ಥ್ಯ ಉಳಿಸಿಕೊಂಡಿದ್ದೇನೆ ಎಂಬ ಘೋಷಣೆ.

ಈಗ ಹೊರಡುವವರಿಗೆ ಪರೀಕ್ಷೆಯ ರೂಪ ನಾನು ಕಂಡಂತೆಯೇ ಇರುವುದಿಲ್ಲ. ನ್ಯೂಯಾರ್ಕ್ 2028ರ ಜುಲೈನಿಂದ ಹೊಸ ಮಾದರಿಯ ಬಾರ್ ಪರೀಕ್ಷೆಗೆ ಹೋಗಲಿದೆ, ಆದ್ದರಿಂದ ಹಳೆಯ ಪುಸ್ತಕಗಳನ್ನು ಯಾರಿಂದಲಾದರೂ ಪಡೆದುಕೊಳ್ಳುವ ಮುನ್ನ ತಾವು ಯಾವ ವರ್ಷ ಬರೆಯುತ್ತೇವೆ ಎಂದು ನೋಡಿಕೊಳ್ಳಬೇಕು. ಕಾಗದಪತ್ರದ ಕೆಲಸ ಮಾತ್ರ ಬದಲಾಗುವಂತೆ ಕಾಣುವುದಿಲ್ಲ. ಕಾಲೇಜಿನಲ್ಲಿರುವಾಗಲೇ ಅಂಕಪಟ್ಟಿಯ ಹೆಸರನ್ನು ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಸಿಕೊಳ್ಳಿ, ಓದಿದ ವರ್ಷಗಳ ಪಠ್ಯಕ್ರಮದ ದೃಢೀಕೃತ ಪ್ರತಿ ಇಟ್ಟುಕೊಳ್ಳಿ, ಸೀನಿಯರ ಕಚೇರಿ ಬಿಡುವ ದಿನವೇ ಅವರ ಪ್ರಮಾಣಪತ್ರವನ್ನೂ ನೀವು ಹಾಜರಾದ ದಾವೆಗಳ ಆದೇಶಪತ್ರಿಕೆಯ ನಕಲುಗಳನ್ನೂ ಪಡೆಯಿರಿ. ನಕಲು ಅರ್ಜಿಗೆ ದಾವೆ ಸಂಖ್ಯೆ ಬೇಕು, ವಿಲೇವಾರಿಯಾದ ಕಡತ ದಾಖಲೆ ಕೊಠಡಿಗೆ ಹೋದ ಮೇಲೆ ಹುಡುಕಿಸುವುದು ಬಹಳ ತಡವಾಗುತ್ತದೆ.